ದೋಣಿಕಟ್ಟೆ ಇಳಿದು ಬಲಕ್ಕೆ

ನನ್ನ ತಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಚಿಕ್ಕವನಿದ್ದಾಗ ಸಕ್ಕರೆ ಡಬ್ಬಿಗೆ ಕೈ ಹಾಕಿ, ಬಾಯಿ ಕೂಡ ಒರೆಸಿಕೊಳ್ಳದೆ ನನ್ನ ಮುಂದೆ ಬಂದು ‘ನಾನಲ್ಲ’ ಅನ್ನುತ್ತಿದ್ದ ಪ್ರಾಣಿ ಅವನು. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ನಾನು. ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಮಲಗಿಸಿ, ಕಾಲಲ್ಲಿ ಪೆಡಲ್ ತುಳಿಯುತ್ತ, ಬಾಯಲ್ಲಿ ಮಗ್ಗಿ ಹೇಳಿಕೊಡುತ್ತ ಸಾಕಿದೆ. ಅವನ ಹೊಟ್ಟೆಯೊಳಗಿನದೆಲ್ಲ ನನಗೆ ಗೊತ್ತು ಎಂಬ ಜಂಬ ನನಗಿತ್ತು.

ಎರಡು ವರ್ಷದಿಂದ ಅವನು ಆ ನದಿದಂಡೆಯ ಊರಿನಲ್ಲಿದ್ದ. ಅದಕ್ಕೆ ಮೊದಲು ಸರಕು ದೋಣಿಯಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿ ನದಿಯುದ್ದಕ್ಕೂ ಅಲೆಯುತ್ತಿದ್ದವನು, ಒಂದು ದಿನ ‘ಇಲ್ಲೇ ದೋಣಿ ರಿಪೇರಿ ಯಾರ್ಡಿನಲ್ಲಿ ಕೆಲಸ ಸಿಕ್ಕಿತು ಅಕ್ಕ, ಇನ್ನು ಅಲೆಯೋದು ಮುಗೀತು’ ಅಂದ. ಭಾನುವಾರ ಬಂತೆಂದರೆ ಫೋನು. ಊರಿನ ವರ್ಣನೆಯೋ ವರ್ಣನೆ.

“ದೋಣಿಕಟ್ಟೆ ಇಳಿದು ಬಲಕ್ಕೆ ತಿರುಗಿದ್ರೆ ಬೇಕರಿ. ಬೇಕರಿ ಯಜಮಾನಿ ದಿನಾ ಬಾಗಿಲಿಗೆ ನೀರು ಎರಚ್ತಾಳೆ, ಬೀದಿ ನಾಯಿ ಮೈಮೇಲೂ ಎರಚ್ತಾಳೆ. ಆಮೇಲೆ ಔಷಧಿ ಅಂಗಡಿ. ಅದು ದಾಟಿದ್ರೆ ನಿಂತುಹೋದ ಗಡಿಯಾರದ ಗೋಪುರ. ಅಲ್ಲಿ ಎಡಕ್ಕೊಂದು ಏರು. ಏರಿನಲ್ಲಿ ಹಸಿರು ಬಾಗಿಲಿನ ಮನೆ, ಅದರ ಎದುರಿಗೇ ನಾನಿರೋದು. ದಿನಾ ಸಂಜೆ ಕೆಲಸ ಮುಗಿಸಿ ಅದೇ ದಾರೀಲಿ ನಡ್ಕೊಂಡು ಬರ್ತೀನಿ ಅಕ್ಕ.”

“ನಡೀತೀಯ, ನಡೀತೀಯ. ಪ್ಯಾಂಟಿನ ಅಂಚು ಸವೆಸ್ತೀಯ,” ಅನ್ನುತ್ತಿದ್ದೆ ನಾನು. ಅವನು ನಗುತ್ತಿದ್ದ. ಹೌದು ಅಕ್ಕ, ಅಂಚು ಹರಿದೇ ಹೋಗಿದೆ, ಇನ್ನೊಂದು ಹೊಲಿದು ಕಳಿಸು ಅನ್ನುತ್ತಿದ್ದ. ನಾನು ಕಳಿಸುತ್ತಿದ್ದೆ.

ಬರುತ್ತೇನೆ ಅಂದರೆ ಮಾತ್ರ ನೆಪ. ಮನೆಗೆ ಸುಣ್ಣ ಹೊಡೆಯುತ್ತಿದ್ದಾರೆ, ನೆಂಟರು ಬಂದಿದ್ದಾರೆ, ನದಿ ಉಕ್ಕಿದೆ, ದೋಣಿ ಬಿಡುತ್ತಿಲ್ಲ. ನನಗೆ ಒಂದೇ ಯೋಚನೆ ಬಂದದ್ದು: ಯಾವಳನ್ನೋ ಕಟ್ಟಿಕೊಂಡಿದ್ದಾನೆ, ಅಕ್ಕನಿಗೆ ಹೇಳಲು ಹೆದರಿಕೆ. ಕಟ್ಟಿಕೊಳ್ಳಲಿ, ಯಾರು ಬೇಡ ಅಂದರು? ಆದರೆ ಈಚೆಗೆ ಕೆಲವು ಭಾನುವಾರ ಫೋನೇ ಬರಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಕೊನೆಯ ಸಲ ಮಾತಾಡಿದಾಗ ಕೆಮ್ಮುತ್ತಿದ್ದದ್ದು ನೆನಪಾಯಿತು. ಅಂಗಡಿಗೆ ಬೀಗ ಜಡಿದು, ಹೊಸದಾಗಿ ಹೊಲಿದಿದ್ದ ಒಂದು ಪ್ಯಾಂಟನ್ನು ಚೀಲಕ್ಕೆ ತುರುಕಿ ಹೊರಟೆ. ಹೇಗಾದರೂ ಸರಿ, ಕಿವಿ ಹಿಡಿದು ಮನೆಗೆ ಕರೆದುಕೊಂಡು ಬರುವುದು ಅಂತ.

ದೋಣಿಯಿಂದ ಇಳಿದಾಗ ಮಧ್ಯಾಹ್ನ. ಹಾಗಂತ ಗಡಿಯಾರ ಹೇಳಬೇಕು, ಆಕಾಶ ಹೇಳುತ್ತಿರಲಿಲ್ಲ. ಒಗೆದು ಹಿಂಡದೆ ಹರವಿದ ಬಟ್ಟೆಯ ಹಾಗೆ ಬೂದು ಬಣ್ಣಕ್ಕೆ ಜೋತುಬಿದ್ದಿತ್ತು. ನದಿ ಹರಿಯುತ್ತಿದೆಯೋ ನಿಂತಿದೆಯೋ ಗೊತ್ತಾಗುತ್ತಿರಲಿಲ್ಲ. ಕೆಸರಿನ ವಾಸನೆ, ಡೀಸೆಲ್ ವಾಸನೆ. ನನ್ನ ಜೊತೆ ಇಳಿದವರು ತಲೆ ತಗ್ಗಿಸಿಕೊಂಡು ಒಬ್ಬೊಬ್ಬರಾಗಿ ಮಾಯವಾದರು. ದೋಣಿಯವನು ಬಗ್ಗಿ ಹಗ್ಗ ಕಟ್ಟುತ್ತಿದ್ದ. ನಾನು ಅವನನ್ನು ಏನೂ ಕೇಳಲಿಲ್ಲ. ದಾರಿ ನನಗೆ ಬಾಯಿಪಾಠವಾಗಿರುವಾಗ ಯಾರನ್ನೇಕೆ ಕೇಳಬೇಕು? ಕಟ್ಟೆ ಇಳಿದೆ. ಬಲಕ್ಕೆ ತಿರುಗಿದೆ.

ಬೇಕರಿ ಇಲ್ಲ. ಉದ್ದಕ್ಕೆ ಗೋದಾಮುಗಳು, ಕಿಟಕಿಗಳಿಗೆ ಹಲಗೆ ಹೊಡೆದಿದ್ದರು. ಸ್ವಲ್ಪ ಮುಂದಿರಬಹುದು ಅಂದುಕೊಂಡು ನಡೆದೆ. ಗೋದಾಮು ಮುಗಿಯಿತು, ಒಂದು ಮುರಿದ ಕಾಂಪೌಂಡು ಶುರುವಾಯಿತು. ಔಷಧಿ ಅಂಗಡಿಯೂ ಇಲ್ಲ, ಗೋಪುರವೂ ಇಲ್ಲ. ಒಂದು ಮನೆಯ ಮೆಟ್ಟಿಲ ಮೇಲೆ ಮುದುಕನೊಬ್ಬ ಈರುಳ್ಳಿ ಸುಲಿಯುತ್ತಿದ್ದ. ನನ್ನನ್ನು ನೋಡಿ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಯ್ಯೋ, ನಿನ್ನ ಈರುಳ್ಳಿ ಯಾರಿಗೆ ಬೇಕಪ್ಪ!

ಎಡಕ್ಕೊಂದು ಏರು ಅಂದಿದ್ದನಲ್ಲ, ಏರು ಸಿಕ್ಕಿತು. ಉಸಿರು ಕಟ್ಟಿಕೊಂಡು ಹತ್ತಿದೆ. ಮೇಲೆ ಹಸಿರು ಬಾಗಿಲಿರಲಿಲ್ಲ. ಕಬ್ಬಿಣದ ಗೇಟು, ಅದರಾಚೆ ಸ್ಮಶಾನ.

ನಾನು ಗಟ್ಟಿಗಿತ್ತಿ ಅಂತ ನಾಲ್ಕು ಜನ ಹೇಳುತ್ತಾರೆ. ಆದರೆ ಆ ಗೇಟಿನ ಕಂಬಿ ಹಿಡಿದುಕೊಂಡು ನಿಲ್ಲಬೇಕಾಯಿತು. ಒಳಗೆ ಒಂದು ಮೂಲೆಯಲ್ಲಿ ಹಸಿ ಮಣ್ಣಿನ ಗುಡ್ಡೆ ಇತ್ತು. ಕಾವಲುಗಾರ ಸಲಿಕೆಗೆ ಅಂಟಿದ ಮಣ್ಣನ್ನು ಕಡ್ಡಿಯಲ್ಲಿ ಕೆರೆಯುತ್ತಿದ್ದ.

“ಅದು... ಯಾರದ್ದು?” ಅಂತ ಕೇಳಿದೆ.

“ಯಾಕೆ, ನಿಮ್ಮೋರು ಯಾರಾದ್ರೂ ಕಾಣೆಯಾಗಿದ್ದಾರಾ?” ಅಂದ. ನನ್ನ ಮುಖ ನೋಡಿ ಮಾತು ಬದಲಾಯಿಸಿದ. “ಮುದುಕಿ ತಾಯಿ. ಹಣ್ಣು ಹಣ್ಣು ಮುದುಕಿ. ಹೆದರ್ಕೋಬೇಡಿ.”

ತಮ್ಮನ ಹೆಸರು ಹೇಳಿದೆ. ಅಂಥ ಹೆಸರೇ ಕೇಳಿಲ್ಲ ಅಂದ. “ಉದ್ದಕ್ಕಿದ್ದಾನೆ, ದಾಪುಗಾಲು ಹಾಕ್ಕೊಂಡು ನಡೀತಾನೆ, ದಿನಾ ಸಂಜೆ ದೋಣಿಕಟ್ಟೆ ಕಡೆ ಓಡಾಡ್ತಾನೆ” ಅಂತ ವಿವರಿಸಿದೆ. “ಈ ಊರಲ್ಲಿ ಸಂಜೆ ಹೊತ್ತು ಓಡಾಡೋದು ಎರಡೇ. ಒಂದು ಸೊಳ್ಳೆ, ಇನ್ನೊಂದು ನಾನು,” ಅಂದ. ನನಗೆ ನಗು ಬರಲಿಲ್ಲ. ದೋಣಿ ರಿಪೇರಿ ಯಾರ್ಡು ಎಲ್ಲಿ ಅಂತ ಕೇಳಿಕೊಂಡು ಇಳಿದೆ.

ಯಾರ್ಡು ಅದೇ ಕಡೆ ನದಿಯ ಅಂಚಿನಲ್ಲಿತ್ತು. ಇತ್ತು ಅನ್ನುವುದು ಮರ್ಯಾದೆಗೆ. ಮಗ್ಗುಲಿಗೆ ಒರಗಿದ ಒಂದು ದೋಣಿಯ ಹೊಟ್ಟೆಯೊಳಗೆ ಹುಲ್ಲು ಬೆಳೆದಿತ್ತು. ಗೂಡಿನಂಥ ಕೋಣೆಯಲ್ಲಿ ಟೀ ಕುಡಿಯುತ್ತ ಕೂತಿದ್ದ ಕಾವಲಿನವನು, “ರಿಪೇರಿನಾ? ಇಲ್ಲಿ ಸುತ್ತಿಗೆ ಸದ್ದು ಕೇಳಿ ಎಷ್ಟೋ ಕಾಲ ಆಯ್ತಮ್ಮ. ಬಾಗಿಲು ಹಾಕಿದ ಮೇಲೆ ಯಾರನ್ನೂ ಕೆಲಸಕ್ಕೆ ತಗೊಂಡಿಲ್ಲ,” ಅಂದ.

ಸರಿ ಹೋಯಿತು. ಬೇಕರಿ ಸುಳ್ಳು, ಗೋಪುರ ಸುಳ್ಳು, ಕೆಲಸವೂ ಸುಳ್ಳು. ಎರಡು ವರ್ಷ ಭಾನುವಾರ ಭಾನುವಾರ ನನ್ನ ಕಿವಿಗೆ ಹೂವಿಟ್ಟಿದ್ದಾನೆ! ಕೆಸರಿನಲ್ಲಿ ಚಪ್ಪಲಿ ಹೂತುಕೊಳ್ಳುತ್ತಿತ್ತು. ಕೀಳುತ್ತ ಬೈದೆ, ಬೈಯುತ್ತ ಕಿತ್ತೆ. ಸಿಗಲಿ ಅವನು, ಕೆನ್ನೆಗೆರಡು ಬಾರಿಸುತ್ತೇನೆ, ವಯಸ್ಸು ಎಷ್ಟಾದರೆ ನನಗೇನು, ಅಂತೆಲ್ಲ. ಬೈಯುತ್ತಿದ್ದಷ್ಟು ಹೊತ್ತು ಧೈರ್ಯವಿತ್ತು. ನಿಲ್ಲಿಸಿದ ಕೂಡಲೇ ಅಳು ಬಂತು. ಊರೇ ಸುಳ್ಳಾದರೆ ಇವನನ್ನು ಹುಡುಕುವುದಾದರೂ ಎಲ್ಲಿ? ಬದುಕಿದ್ದಾನೋ ಇಲ್ಲವೋ ಎಂದು ಯಾರನ್ನು ಕೇಳಲಿ?

ಆ ಕಡೆಯ ಗಲ್ಲಿಗಳನ್ನೆಲ್ಲ ಸುತ್ತಿದೆ. ಒಂದು ಗಲ್ಲಿ ಗೋಡೆಗೆ ಮುಗಿಯಿತು, ಇನ್ನೊಂದು ನೀರಿಗೆ ಮುಗಿಯಿತು. ಬಾಗಿಲು ತಟ್ಟಿದ ಕಡೆಯೆಲ್ಲ ಅರ್ಧ ತೆರೆದು, ಹೆಸರು ಕೇಳಿ, ಗೊತ್ತಿಲ್ಲ ಅಂದು ಮುಚ್ಚಿದರು. ಹೊತ್ತು ಇಳಿಯುತ್ತ ಬಂದಾಗ ಕಾಲು ಸೋತು ದೋಣಿಕಟ್ಟೆಗೇ ವಾಪಸು ಬಂದೆ. ಕೊನೆಯ ದೋಣಿ ಹಿಡಿದು ಹೋಗಿಬಿಡುವುದು, ನಾಳೆ ಪೊಲೀಸರ ಹತ್ತಿರ ಹೋಗುವುದು, ಇನ್ನೇನು ಮಾಡಲಿ.

ದೋಣಿಯವನು ನನ್ನನ್ನು ಕಂಡವನೇ ಎದ್ದು ನಿಂತ. “ಬಂದ್ರಾ! ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ ಅಂತ ಕಾಯ್ತಾ ಕೂತಿದ್ದೆ. ಚೀಲ ಹಿಡ್ಕೊಂಡ ಅಕ್ಕ ಅಂದ್ರೆ ನೀವೇ ತಾನೆ? ಮಧ್ಯಾಹ್ನ ಕಟಿಂಗ್ ಅಂಗಡಿಯವನು ಓಡಿ ಬಂದಿದ್ದ. ಯಾವ ಕಡೆ ಹೋದ್ರು ಅಂತ ಕೇಳ್ದ. ನಾನು ಹಗ್ಗ ಕಟ್ತಾ ಇದ್ದೆ, ನೋಡ್ಲಿಲ್ಲ ಅಂದೆ.”

“ಕಟಿಂಗ್ ಅಂಗಡಿಯವನು ಯಾರು? ನನಗೇನು ಗೊತ್ತು?”

“ಕನ್ನಡಿಯಣ್ಣ ಇದ್ದಾನಲ್ಲ, ಅವನಿರೋ ಮನೆ ಯಜಮಾನ. ಎಡಕ್ಕೆ ಹೋಗಿ. ಬೇಕರಿ ದಾಟಿ ಗೋಪುರದ ಹತ್ರ ಬಲಕ್ಕೆ ಏರು.”

ಕನ್ನಡಿಯಣ್ಣ ಯಾರೋ ನನಗೆ ತಿಳಿಯದು. ಆದರೆ ಬೇಕರಿ ಅಂದ, ಗೋಪುರ ಅಂದ. ನಾನು ಎಡಕ್ಕೆ ತಿರುಗಿದೆ. ತಿರುಗಿದರೆ, ದೇವರೇ, ಎಲ್ಲ ಅಲ್ಲೇ ಇತ್ತು. ಬೇಕರಿಯ ಮುಂದೆ ಒದ್ದೆ ನೆಲ, ಒದ್ದೆ ನಾಯಿ. ಔಷಧಿ ಅಂಗಡಿ. ಮುಳ್ಳು ನಿಂತುಹೋದ ಗೋಪುರ. ತಮ್ಮ ಒಂದು ಕಲ್ಲಿನ ಬಗ್ಗೆಯೂ ಸುಳ್ಳು ಹೇಳಿರಲಿಲ್ಲ. ಬಲ ಅಂದದ್ದೆಲ್ಲ ಎಡಕ್ಕಿತ್ತು, ಎಡ ಅಂದದ್ದೆಲ್ಲ ಬಲಕ್ಕಿತ್ತು, ಅಷ್ಟೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಇಡೀ ಮಧ್ಯಾಹ್ನ ನಾನು ನೀರಿನ ಕಡೆ ಎಳೆದಿದ್ದೆ. ಎಡ ಬಲ ಗೊತ್ತಿಲ್ಲದ ಮುಠ್ಠಾಳ! ಓಡುವಂತೆ ಏರು ಹತ್ತಿದೆ. ಹಸಿರು ಬಾಗಿಲು ಕಂಡಿತು. ಅದರ ಎದುರಿಗೆ ಕ್ಷೌರದಂಗಡಿ.

ಅಂಗಡಿಯವನು ಕುರ್ಚಿಯ ಮೇಲೆ ಗಿರಾಕಿಯ ಹಾಗೆ ತಾನೇ ಕುಸಿದು ಕೂತಿದ್ದ. ಅವನ ಮುಂದಿನ ಗೋಡೆಯಲ್ಲಿ ಕನ್ನಡಿ ಇರಬೇಕಾದ ಜಾಗ ಖಾಲಿ, ನಾಲ್ಕು ಮೊಳೆ ಮಾತ್ರ ಇದ್ದವು. ನಾನು ಬಾಯಿ ಬಿಡುವ ಮೊದಲೇ ಅವನ ಹೆಂಡತಿ ಒಳಗಿನಿಂದ ಬಂದು ನನ್ನ ಕೈ ಹಿಡಿದುಕೊಂಡಳು.

“ಅಕ್ಕಾ? ಹೊಲಿಗೆ ಅಕ್ಕ ತಾನೆ? ಅಯ್ಯೋ, ಎಲ್ಲಿ ಹೋಗ್ಬಿಟ್ಟಿದ್ರಿ!”

“ನನ್ನ ತಮ್ಮ ಎಲ್ಲಿ?”

“ಮೇಲಿದ್ದಾನೆ. ಇದ್ದಾನೆ ಅಕ್ಕ. ಆದ್ರೆ ಹೋಗೋ ಮುಂಚೆ ಒಂದು ಮಾತು ಕೇಳಿ.”

ನಿಂತಲ್ಲೇ ಹೇಳಿದಳು. ಯಾರ್ಡು, ಕೆಲಸ, ಸಂಜೆಯ ನಡಿಗೆ ಯಾವುದೂ ಇರಲಿಲ್ಲ. ಎರಡು ವರ್ಷದ ಹಿಂದೆ ಸರಕು ದೋಣಿಯ ಸರಪಳಿ ಹರಿದು ಅವನ ಬೆನ್ನಿಗೆ ಬಡಿದಿತ್ತು. ಪ್ರಜ್ಞೆ ಇಲ್ಲದವನನ್ನು ಈ ಊರಿನ ಆಸ್ಪತ್ರೆಗೆ ಹೊತ್ತು ತಂದಿದ್ದರು. ಬದುಕಿದ, ಆದರೆ ಎದೆಯಿಂದ ಕೆಳಗೆ ಸ್ವಾಧೀನವೇ ಉಳಿಯಲಿಲ್ಲ. ಕುತ್ತಿಗೆ ತಿರುಗುತ್ತಿರಲಿಲ್ಲ. ಆಸ್ಪತ್ರೆಗೆ ಗಡ್ಡ ತೆಗೆಯಲು ಹೋಗುತ್ತಿದ್ದ ಇವಳ ಗಂಡ, ಮೇಲಿನ ಕೋಣೆ ಖಾಲಿ ಇದೆ ಬಾ ಅಂತ ಕರೆದುಕೊಂಡು ಬಂದ. ಅಲ್ಲಿ ಎದೆಯ ಮೇಲೆ ಹಲಗೆ ಇಟ್ಟುಕೊಂಡು ಊರವರ ಫ್ಯಾನು, ಮಿಕ್ಸಿ, ರೇಡಿಯೋ ರಿಪೇರಿ ಮಾಡಿಕೊಂಡಿದ್ದ. ಸೂರು ನೋಡಿ ನೋಡಿ ಸಾಯುತ್ತೇನೆ ಅಂದದ್ದಕ್ಕೆ ಇವರು ಅಂಗಡಿಯ ದೊಡ್ಡ ಕನ್ನಡಿಯನ್ನೇ ಕಿತ್ತು ಅವನ ಮುಖದ ಮೇಲೆ, ಕಿಟಕಿಗೆ ಎದುರಾಗಿ ತೂಗುಹಾಕಿದರು. ಅದನ್ನು ಬೇಕಾದ ಕಡೆ ಬಗ್ಗಿಸಲು ಹಗ್ಗ ಹೂಡುವ ಉಪಾಯ ಅವನೇ ಹೇಳಿಕೊಟ್ಟ. ಅದರಲ್ಲಿ ಬೀದಿ, ಗೋಪುರ, ಬೇಕರಿ, ದೋಣಿಕಟ್ಟೆ ಎಲ್ಲ ಕಾಣುತ್ತಿತ್ತು. ಈ ಊರಿನಲ್ಲಿ ಅವನು ಒಂದು ಹೆಜ್ಜೆಯನ್ನೂ ಇಟ್ಟವನಲ್ಲ. ಊರವರಿಗೆ ಅವನ ಹೆಸರೂ ಗೊತ್ತಿಲ್ಲ, ಕನ್ನಡಿಯಣ್ಣ ಅಷ್ಟೇ.

ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಟ್ರಯಲ್ ಕನ್ನಡಿಯ ಮುಂದೆ ನಿಂತು ಬಲ ಭುಜ ಇಳಿದಿದೆ ಅಂತ ಎಡ ಭುಜ ತೋರಿಸುವ ಹೆಂಗಸರನ್ನು ನೋಡಿಕೊಂಡೇ ನನ್ನ ಕೂದಲು ಬೆಳ್ಳಗಾಗಿದೆ. ಅವನು ಕನ್ನಡಿಯೊಳಗಿನ ಊರನ್ನು ನನಗೆ ಹೇಳಿದ್ದ.

“ನನಗ್ಯಾಕೆ ಹೇಳ್ಲಿಲ್ಲ?” ಅಂದೆ. ಜಗಳದ ದನಿಯೇ ಬಂತು.

“ನಾವು ಹೇಳಿ ಹೇಳಿ ಸಾಕಾಯ್ತು. ‘ಹೇಳಿದ್ರೆ ಅಂಗಡಿ ಮುಚ್ಚಿ ಬಂದ್ಬಿಡ್ತಾಳೆ, ಒಂದು ಸಲ ನನ್ನ ಸಾಕಿ ಸವೆದಿದ್ದಾಳೆ, ಮತ್ತೆ ತೊಟ್ಟಿಲು ತೂಗ್ಸೋದು ಬೇಡ’ ಅಂತಿದ್ದ. ಈಗ ಎದೇಲಿ ಕಫ ಕಟ್ಟಿದೆ. ಉಸಿರು ಗೊರಗೊರ ಅನ್ನೋದು ಅಕ್ಕಂಗೆ ಕೇಳಿಸುತ್ತೆ ಅಂತ ಫೋನ್ ಆಫ್ ಮಾಡಿಸ್ದ. ಬೆಳಿಗ್ಗೆ ಡಾಕ್ಟರ್ ಬಂದಿದ್ರು. ಸಾಗಿಸೋದು ಬೇಡ, ಹತ್ರ ಇರಿ ಅಂದ್ರು.”

ಹತ್ತಿರ ಇರಿ ಅಂದರೆ ಏನೆಂದು ನನಗೆ ಗೊತ್ತು. ಅಮ್ಮನ ಹೊತ್ತಿಗೂ ಅದನ್ನೇ ಹೇಳಿದ್ದರು.

ಆಗ ಅಂಗಡಿಯವನು ಕುರ್ಚಿಯಿಂದ ಎದ್ದ. ನನ್ನ ಮುಖ ನೋಡದೆ ನೆಲ ನೋಡಿಕೊಂಡು ಮಾತಾಡಿದ.

“ತಪ್ಪು ನಂದು ತಾಯಿ. ಮಧ್ಯಾಹ್ನ ನೀವು ಇಳಿದಿದ್ದು ಕನ್ನಡೀಲಿ ನೋಡ್ದ. ಅಕ್ಕ ಬಂದ್ಲು, ಅಕ್ಕ ಬಂದ್ಲು ಅಂತ ಕೂಗಿದ. ಎಷ್ಟು ದಿನ ಆಗಿತ್ತೋ ಆ ದನಿ ಕೇಳಿ! ಆಮೇಲೆ, ‘ಅಯ್ಯೋ, ಬಲಕ್ಕೆ ಹೋಗ್ತಿದ್ದಾಳೆ, ಬಲಕ್ಕೆ, ಓಡಿ ಕರ್ಕೊಂಡು ಬನ್ನಿ’ ಅಂದ. ಅವನು ಬಲ ಅಂದ್ರೆ ನಾವು ಎಡ ಅಂತ ತಿಳ್ಕೋತೀವಿ. ಎರಡು ವರ್ಷದ ರೂಢಿ. ಬಲಗಡೆ ಕಪಾಟು ಅಂದ್ರೂ ಎಡಗಡೆ ತೆಗೀತೀವಿ. ನಾನು ಎಡಕ್ಕೇ ಓಡ್ದೆ. ಊರಿನ ಕೊನೆ ತನಕ ಹೋಗಿ ಕಾದೆ. ನೀವಿರ್ಲಿಲ್ಲ.” ಅವನು ಮೂಗು ಒರೆಸಿಕೊಂಡ. “ನೀವು ಬಲಕ್ಕೆ ತಿರುಗಿದ್ದು ನೋಡಿದ್ಮೇಲೆ ಅವನಿಗೆ ತಾನು ಹೇಳಿದ ದಾರಿ ಉಲ್ಟಾ ಅಂತ ಹೊಳೆದಿರ್ಬೇಕು. ಇವತ್ತೊಂದು ದಿನ ಸರಿಯಾಗಿ ಹೇಳ್ದ. ನಾನು ಉಲ್ಟಾ ಮಾಡ್ಕೊಂಡೆ.”

ಹಣೆಬರಹ ಬರೆದವನಿಗೇ ಎಡ ಬಲ ಗೊತ್ತಿಲ್ಲ. ಅಂಗಡಿಯವನ ಭುಜ ಮುಟ್ಟಿ ಮೆಟ್ಟಿಲು ಹತ್ತಿದೆ.

ಕೋಣೆ ಚಿಕ್ಕದು. ಗೋಡೆಯ ಮೊಳೆಗಳಿಗೆ ನಾನು ಕಳಿಸಿದ ಪ್ಯಾಂಟುಗಳು ನೇತಾಡುತ್ತಿದ್ದವು. ಇಸ್ತ್ರಿಯ ಗೆರೆ ಮುರಿದಿರಲಿಲ್ಲ, ಅಂಚು ಹೊಲಿದ ದಿನದ ಹಾಗೇ ಇತ್ತು. ಅವುಗಳ ಕೆಳಗೆ ಮಂಚ, ತಲೆ ಕಿಟಕಿಯ ಕಡೆಗೆ. ಅದರಲ್ಲಿ ಅವನು. ದಾಪುಗಾಲು ಹಾಕುತ್ತಿದ್ದ ಆ ಉದ್ದ ಮನುಷ್ಯ ಹೊದಿಕೆಯ ಕೆಳಗೆ ಇದ್ದಾನೋ ಇಲ್ಲವೋ ಅನ್ನುವಷ್ಟಾಗಿದ್ದ. ಕಣ್ಣು ಮಾತ್ರ ಅಗಲವಾಗಿ ತೆರೆದು ಮೇಲಿನ ಕನ್ನಡಿಯಲ್ಲಿ ನೆಟ್ಟಿತ್ತು. ಮೂಲೆಯಲ್ಲಿ ಪಾದರಸದ ಲೇಪ ಉದುರಿದ ಆ ಕನ್ನಡಿಯಲ್ಲಿ ಕತ್ತಲಾಗುತ್ತಿರುವ ದೋಣಿಕಟ್ಟೆ ಕಾಣುತ್ತಿತ್ತು.

“ತಮ್ಮಾ,” ಅಂದೆ.

ಅವನು ನೋಡಲಿಲ್ಲ. ನಾನು ಮಂಡಿಯೂರಿ ಕೈ ಹಿಡಿದೆ. ಸುಡುತ್ತಿತ್ತು.

“ಯಾರು?” ಅಂದ. ಪ್ರತಿ ಮಾತಿನ ಮಧ್ಯೆ ಎದೆಯಲ್ಲಿ ನೀರು ಕುದಿಯುವ ಸದ್ದು. “ನಮ್ಮಕ್ಕ ಆ ಕಡೆ ಹೋಗ್ಬಿಟ್ಲು. ಯಾರಾದ್ರೂ ಕರೀರಿ.”

“ನಾನೇ ಕಣೋ ಅಕ್ಕ. ಇಲ್ಲೇ ಇದ್ದೀನಿ, ನೋಡೋ.”

“ಇಲ್ಲ. ಅಲ್ಲಿದ್ದಾಳೆ. ಊರಿಗೆ ಹೊಸಬಳು. ಸಿಟ್ಟು ಬೇರೆ ಜಾಸ್ತಿ, ಯಾರನ್ನೂ ದಾರಿ ಕೇಳಲ್ಲ ಅವಳು.”

ನಾನು ಅವನ ಮುಖದ ಮೇಲೆ ಬಗ್ಗಿದೆ. ಅವನ ಕಣ್ಣು ನನ್ನನ್ನು ದಾಟಿ ಕನ್ನಡಿಯನ್ನೇ ಹುಡುಕಿತು. ನಾನು ಅಡ್ಡ ಬಂದೆನೆಂದು ಹುಬ್ಬು ಗಂಟಿಕ್ಕಿದ. ಎರಡು ವರ್ಷ ಅವನು ನೋಡಿದ ಲೋಕವೆಲ್ಲ ಅದರೊಳಗೇ ಇತ್ತು. ಅದರಲ್ಲಿ ನಡೆದು ಬಾರದವಳು ಅವನ ಪಾಲಿಗೆ ಬಂದವಳೇ ಅಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನನ್ನ ತಮ್ಮನಿಗೆ ಬೇಕಾಗಿತ್ತು.

“ತಡಿ,” ಅಂದೆ. “ನಾನು ಹೋಗಿ ಕರ್ಕೊಂಡು ಬರ್ತೀನಿ. ನೀನು ನೋಡ್ತಾ ಇರು. ಕಣ್ಣು ಮುಚ್ಚಿದ್ರೆ ನೋಡು, ಗ್ರಹಚಾರ ಬಿಡಿಸ್ತೀನಿ.”

ಕೆಳಗೆ ಬಂದು ಅಂಗಡಿಯ ಬ್ಯಾಟರಿ ದೀಪ ಕೇಳಿ ಇಸಿದುಕೊಂಡೆ. ಅಂಗಡಿಯವನ ಹೆಂಡತಿಗೆ, ತಮ್ಮನ ಹತ್ತಿರವೇ ಇರು ಅಂದೆ. ಅಂಗಡಿಯವನು ಜೊತೆಗೆ ಹೊರಟ. ಬೇಡ, ನಾನು ಒಬ್ಬಳೇ ಬಂದದ್ದು, ಒಬ್ಬಳೇ ಕಾಣಬೇಕು ಅಂದೆ. ಏರು ಇಳಿದು, ಗೋಪುರ ದಾಟಿ, ಬೇಕರಿ ದಾಟಿ, ಸೋತ ಕಾಲಲ್ಲಿ ಓಡಿದೆ. ನನ್ನನ್ನು ನಾನೇ ಕರೆದುಕೊಂಡು ಬರಲು ಓಡಿದೆ.

ಕಟ್ಟೆಯ ಮೇಲೆ ನಿಂತು ಉಸಿರು ಸುಧಾರಿಸಿಕೊಂಡೆ. ಕೆದರಿದ ಕೂದಲನ್ನು ಕೈಯಲ್ಲೇ ಒತ್ತಿಕೊಂಡೆ. ದೋಣಿಯವನು ಇವಳಿಗೇನಾಯಿತು ಅನ್ನುವಂತೆ ನೋಡಿದ. ದೀಪ ಎತ್ತಿ ನನ್ನ ಮುಖದ ಹತ್ತಿರ ಹಿಡಿದು, ಏರಿನ ಮೇಲಿನ ಆ ಒಂದು ಕಿಟಕಿಯ ಕಡೆ ನೋಡಿ ಕೈ ಬೀಸಿದೆ. ಆಮೇಲೆ ಆಗಷ್ಟೇ ದೋಣಿ ಇಳಿದವಳ ಹಾಗೆ ಕಟ್ಟೆ ಇಳಿದೆ. ಎಡಕ್ಕೆ ತಿರುಗಿದೆ. ಅವನ ಬಲಕ್ಕೆ.

ಅವಸರ ಮಾಡಲಿಲ್ಲ. ಅವನಿಗೆ ಚೆನ್ನಾಗಿ ಕಾಣಲಿ ಅಂತ ಬೀದಿಯ ನಡುವೆಯೇ ನಡೆದೆ. ಬೇಕರಿ ಯಜಮಾನಿ ಬಾಗಿಲು ಹಾಕುತ್ತಿದ್ದವಳು ನಿಂತು ನೋಡಿದಳು. ನಾಯಿ ಸ್ವಲ್ಪ ದೂರ ಹಿಂದೆ ಬಂದು ಬಿಟ್ಟುಬಿಟ್ಟಿತು. ಅತ್ತರೆ ದೀಪದ ಬೆಳಕಿನಲ್ಲಿ ಕಂಡುಬಿಡುತ್ತದಲ್ಲ ಎಂದು ನಗುತ್ತ ನಡೆದೆ. ಔಷಧಿ ಅಂಗಡಿ. ಗೋಪುರ. ಏರು. ಮನಸ್ಸಿನಲ್ಲೇ ಅವನಿಗೆ ಹೇಳುವ ಮಾತು ಜೋಡಿಸಿಕೊಂಡೆ: ಬಂದೆ ಕಣೋ, ಎಂಥ ದಾರಿ ಹೇಳಿದ್ಯೋ ಮಾರಾಯ, ಊರೆಲ್ಲ ಸುತ್ತಿಸಿಬಿಟ್ಟೆ. ಅವನು ನಗಬೇಕು. ಕೆಮ್ಮಿದರೂ ಸರಿ, ನಗಬೇಕು.

ಅಂಗಡಿಯ ಬಾಗಿಲಲ್ಲಿ ಆ ಹೆಂಗಸು ನಿಂತಿದ್ದಳು. ಅವನ ಹತ್ತಿರ ಇರು ಅಂದಿದ್ದೆನಲ್ಲ, ಕೆಳಗೇಕೆ ಬಂದಳು? ಅವಳು ನನ್ನ ಕೈಯಿಂದ ದೀಪ ತೆಗೆದುಕೊಂಡು ಆರಿಸಿದಳು.

“ನೋಡಿದ್ನಾ?” ಅಂತ ಕೇಳಿದೆ.

“ನೋಡ್ದ ಅಕ್ಕ. ನೀವು ಕೈ ಬೀಸಿದ್ದು ನೋಡ್ದ. ತಿರುಗಿದ್ದನ್ನೂ ನೋಡ್ದ. ‘ಈಗ ಸರಿಯಾಗಿ ತಿರುಗಿದ್ಲು’ ಅಂದ.” ಅವಳು ಆರಿಸಿದ ದೀಪವನ್ನು ಹೊಸ್ತಿಲ ಮೇಲಿಟ್ಟಳು. “ಬೇಕರಿ ತನಕ ನೋಡ್ದ.”

ಬೇಕರಿಯಿಂದ ಆ ಬಾಗಿಲಿಗೆ ಇನ್ನೂ ಅರ್ಧ ದಾರಿಯಿದೆ. ಆ ಅರ್ಧ ದಾರಿಯನ್ನೂ ನಾನು ದೀಪ ಎತ್ತಿ ಹಿಡಿದು, ನಗುತ್ತಲೇ ನಡೆದು ಬಂದಿದ್ದೆ.